ಬುಧವಾರ ನನ್ನ ರಜೆ, ಬುಧವಾರವೇ ಸರ್ವರ್ ಬಂದ್

ಪ್ರಶ್ನೆ: ನಾನು ಜಮಖಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 27. ಮಂಗಳವಾರ ರಾತ್ರಿ ಪಾಳಿ ಮುಗಿಸಿ ಬುಧವಾರ ಬೆಳಗ್ಗೆ 8ಕ್ಕೆ ಮನೆಗೆ ಬರುತ್ತೇನೆ. ವಾರಕ್ಕೆ ಅದೊಂದೇ ರಜೆ. ಮೂರು ವರ್ಷದಿಂದ ಒಂದು ಆನ್‌ಲೈನ್ ಗೇಮ್ ಆಡುತ್ತಿದ್ದೇನೆ, ನಮ್ಮ ಗಿಲ್ಡ್, ಅಂದರೆ ಒಟ್ಟಿಗೆ ಆಡುವ ತಂಡ, ಇರುವುದು ಯುರೋಪ್ ಸರ್ವರ್‌ನಲ್ಲಿ. ಸ್ನಾನ ಮಾಡಿ, ಎರಡು ರೊಟ್ಟಿ ತಿಂದು ಕೂತರೆ ಒಂಬತ್ತೂವರೆಗೆ ಸರಿಯಾಗಿ ಮೇಂಟೆನೆನ್ಸ್ ಶುರು. ಪ್ರತಿ ಬುಧವಾರ ಇದೇ ಕಥೆ. ಹೋದ ವಾರ ನಾಲ್ಕು ತಾಸು ಅಂದವರು ಹನ್ನೊಂದು ತಾಸು ಎಳೆದರು. "ಇನ್ನೊಂದು ತಾಸು" ಅಂತ ಮತ್ತೆ ಮತ್ತೆ ಹೇಳಿದರು. ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದು ನಿದ್ದೆನೂ ಆಗಲಿಲ್ಲ, ಆಟಾನೂ ಆಗಲಿಲ್ಲ. ಅವತ್ತೇ ಮುಗಿಯುವ ಒಂದು ಈವೆಂಟಿನ ಬಹುಮಾನ ಕೈತಪ್ಪಿತು. 799 ರೂಪಾಯಿ ಕೊಟ್ಟು ತಿಂಗಳ ಪಾಸ್ ಬೇರೆ ತಗೊಂಡಿದ್ದೆ. ಒಬ್ಬ ಗೆಳೆಯ "ಹ್ಯಾಕ್ ಆಗೈತಿ, ಮುಚ್ಚಿಡಾಕತ್ತಾರ" ಅಂತಾನೆ. ಇನ್ನೊಬ್ಬ, ನಮ್ಮ ಕಡೆಯವರನ್ನು ಓಡಿಸಲು ಬೇಕಂತಲೇ ನಮ್ಮ ಹಗಲಿಗೆ ಇಡುತ್ತಾರೆ ಅಂತಾನೆ. ಮೂರನೆಯವನು ವಿಪಿಎನ್ (ಬೇರೆ ಊರಿನ ಯಂತ್ರದ ಮೂಲಕ ನೆಟ್ ಹಾಯಿಸುವ ದಾರಿ) ಹಾಕಿದರೆ ಒಳಗೆ ಹೋಗಬಹುದು ಅಂತ ಒಂದು ಆ್ಯಪ್ ಕಳಿಸಿದ್ದಾನೆ. ವಾಟ್ಸಾಪ್ ಹೀಗೆ ಬಂದ್ ಆಗಲ್ಲ, ಯುಪಿಐ ಆಗಲ್ಲ. ಇವರಿಗೇನು ರೋಗ? ನನ್ನ ದುಡ್ಡು ವಾಪಸ್ ಬರುತ್ತದಾ?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ನಾಚಿಕೆಯಾಯಿತು. ಯಾಕೆಂದರೆ ಹದಿಮೂರು ವರ್ಷದಿಂದ ನಾನಿರುವುದು ಆ ಕಡೆ. ಪುಣೆ, ಬೆಂಗಳೂರು ಸುತ್ತಿ ಈಗ ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಗೇಮ್ ಸರ್ವರ್ ನೋಡಿಕೊಳ್ಳುತ್ತೇನೆ. "ಇನ್ನೊಂದು ತಾಸು" ಅಂತ ಟೈಪ್ ಮಾಡಿದ ಕೈಗಳಲ್ಲಿ ನನ್ನದೂ ಇದೆ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಕಾರ್ಖಾನೆಗೇ ಬರೋಣ. ಹಂಗಾಮಿನ ನಡುವೆ ಅದೂ ನಿಲ್ಲುತ್ತದೆ ಅಲ್ವಾ? ರಸ ಕುದಿಸುವ ಇವಾಪೊರೇಟರ್ ಕೊಳವೆಗಳಲ್ಲಿ ಸ್ಕೇಲ್ (ಗಟ್ಟಿ ಪದರ) ಕಟ್ಟಿತು, ಉಗಿ ಜಾಸ್ತಿ ತಿನ್ನುತ್ತಿದೆ, ರಸ ಗಟ್ಟಿಯಾಗುತ್ತಿಲ್ಲ ಅಂದಾಗ ಮಿಲ್ ನಿಲ್ಲಿಸಿ ಸ್ವಚ್ಛ ಮಾಡಲೇಬೇಕು. ಮಾಡದಿದ್ದರೆ ಏನಾಗುತ್ತದೆ ಅಂತ ಲ್ಯಾಬಿನಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಗೇಟಿನ ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತ ರೈತನಿಗೆ ಇದ್ಯಾವುದೂ ಬೇಡ. ಅವನ ಕಬ್ಬು ಒಣಗುತ್ತಿದೆ, ತೂಕ ಇಳಿಯುತ್ತಿದೆ. ಅವನು ಕೇಳುವುದು ಒಂದೇ ಮಾತು: ಯಾವಾಗ ಚಾಲೂ ಆಗ್ತದರಿ? ಖರೇ ಹೇಳಿ, ಮನೆಗೆ ಹೋಗಿ ಉಂಡು ಬರತೀನಿ.

ವಾರದಲ್ಲಿ ಆರು ದಿನ ನೀವು ಗೇಟಿನ ಒಳಗೆ. ಬುಧವಾರ ಮಾತ್ರ ಟ್ರ್ಯಾಕ್ಟರ್ ಮೇಲೆ. ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನನಗೆ ಕಂಡದ್ದು ಇದು: ಬಂದ್ ಮಾಡಿದ್ದಕ್ಕಿಂತ ಖರೇ ಟೈಮ್ ಹೇಳದೇ ಕೂರಿಸಿದ್ದು ನಿಮಗೆ ಜಾಸ್ತಿ ಹತ್ತಿದೆ. ಆ ಸಿಟ್ಟು ನ್ಯಾಯವಾದದ್ದು. ಗೆಳೆಯರು ಕೊಟ್ಟ ಕಾರಣಗಳು ಮಾತ್ರ ನ್ಯಾಯವಾದವಲ್ಲ.

ಹಗಲಿನ ವಿಷಯ ಮೊದಲು ಮುಗಿಸೋಣ. ಯುರೋಪಿಗೆ ಆಟ ಕೊಡುವ ಯಂತ್ರಗಳು ಅಲ್ಲೇ ಎಲ್ಲೋ ಇರುತ್ತವೆ. ಜರ್ಮನಿಯ ಫ್ರಾಂಕ್‌ಫರ್ಟ್ ಅಂತಿಟ್ಟುಕೊಳ್ಳಿ. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ತಾಸಿನ ಅಂತರ. ನಿಮ್ಮ ಒಂಬತ್ತೂವರೆ ಅಂದರೆ ಅಲ್ಲಿ ಬೆಳಗಿನ ಜಾವ 5. ಅಲ್ಲಿಯ ಆಟಗಾರರೆಲ್ಲ ಮಲಗಿರುವ ಹೊತ್ತು. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ತಾಸು ಮುಂದಿಡುತ್ತಾರೆ. ಅಲ್ಲಿಂದ ಅಕ್ಟೋಬರ್ ಕೊನೆಯವರೆಗೆ ನಿಮ್ಮ ಮೇಂಟೆನೆನ್ಸ್ ಎಂಟೂವರೆಗೇ ಶುರುವಾಗಬಹುದು. ಕಂಪನಿ ಅಲ್ಲಿಯ ಗಡಿಯಾರ ನೋಡುತ್ತದೋ, ವರ್ಷವಿಡೀ ಬದಲಾಗದ ಯುಟಿಸಿ ಸಮಯ ನೋಡುತ್ತದೋ ಅನ್ನುವುದರ ಮೇಲೆ ಅದು ನಿಂತಿದೆ. ಯುಟಿಸಿ ಅಂತ ಬರೆದಿದ್ದರೆ ಐದೂವರೆ ತಾಸು ಕೂಡಿಸಿಕೊಳ್ಳಿ.

ಬುಧವಾರವೇ ಯಾಕೆ ಅಂದರೆ, ಶನಿವಾರ ಭಾನುವಾರ ಜನ ಜಾಸ್ತಿ, ಸೋಮವಾರ ಆಫೀಸಿನಲ್ಲಿ ಹಿಂದಿನ ವಾರದ ಗಂಟುಗಳು. ಶುಕ್ರವಾರ ಸರ್ವರ್ ಮುಟ್ಟುವ ಧೈರ್ಯ ನಮ್ಮ ಕಸುಬಿನಲ್ಲಿ ಯಾರಿಗೂ ಇಲ್ಲ, ಕೆಟ್ಟರೆ ಶನಿವಾರ ಹೋಯಿತು. ಹಾಗಾಗಿ ವಾರದ ನಡುವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರಿಗೆ ಈ ಪದ್ಧತಿ ಹೊಸದಲ್ಲ. ಅಮೆರಿಕದಲ್ಲಿ ಮಂಗಳವಾರ, ಯುರೋಪಿನಲ್ಲಿ ಬುಧವಾರ. ಈವ್ ಆನ್‌ಲೈನ್ ಅನ್ನುವ ಆಟದಲ್ಲಂತೂ ದಿನಾ ಒಂದು ಸಲ 11:00 ಯುಟಿಸಿಗೆ, ಅಂದರೆ ನಮ್ಮ ಸಂಜೆ ನಾಲ್ಕೂವರೆಗೆ, ಸರ್ವರ್ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತಾರೆ. ಅದು 2003ರ ಆಟ. ಮೊದಲು ಜಾಸ್ತಿ ಹೊತ್ತು ಹಿಡಿಯುತ್ತಿತ್ತು, ಈಗ ಕೆಲವೇ ನಿಮಿಷ. ಯಾರೂ ಗಲಾಟೆ ಮಾಡುವುದಿಲ್ಲ, ಆ ಹೊತ್ತಿಗೆ ಚಹಾ ಕಾಸಿಕೊಳ್ಳುತ್ತಾರೆ.

ಅಂದರೆ ನಿಮ್ಮನ್ನು ಓಡಿಸುವ ಸಂಚು ಏನೂ ಇಲ್ಲ. ನಿಜ ಇದಕ್ಕಿಂತ ಸಪ್ಪೆ: ಅವರ ಲೆಕ್ಕದಲ್ಲಿ ನೀವಿಲ್ಲ.

ಹ್ಯಾಕ್ ಅನ್ನುವ ಮಾತು. ಹ್ಯಾಕ್ ಆಗುವುದು ಹೌದು, ಆದರೆ ಅದರ ಚಹರೆ ಬೇರೆ. 2011ರ ಏಪ್ರಿಲ್‌ನಲ್ಲಿ ಸೋನಿ ಕಂಪನಿಯ ಆಟದ ಜಾಲ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಕನ್ನ ಬಿತ್ತು. ಸುಮಾರು 7.7 ಕೋಟಿ ಖಾತೆಗಳ ವಿವರ ಅಪಾಯಕ್ಕೆ ಸಿಕ್ಕಿತು. 20ನೇ ತಾರೀಖು ಬಂದ್ ಆದದ್ದು ಮೂರು ವಾರಕ್ಕೂ ಜಾಸ್ತಿ ಹೊತ್ತು ಏಳಲೇ ಇಲ್ಲ. ವಿವರ ಕಳುವಾಗಿರಬಹುದು ಅಂತ ಬಳಕೆದಾರರಿಗೆ ಸೋನಿ ಹೇಳಿದ್ದು 26ಕ್ಕೆ, ಅದಕ್ಕೆ ಸಾಕಷ್ಟು ಬೈಸಿಕೊಂಡಿತು ಕೂಡ. ಹನ್ನೊಂದು ತಾಸಿಗೆ ಮರಳಿ ಬಂದು, ನಿಮ್ಮ ಪಾಸ್‌ವರ್ಡ್ ಬದಲಿಸಿ ಅಂತಲೂ ಕೇಳದ ಆಟ ಹ್ಯಾಕ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಹೇಳದೇ ಕೇಳದೇ ತಟ್ಟನೆ ಬಂದ್ ಮಾಡಿದರೂ ಅದು ಕಳ್ಳತನ ತಡೆಯಲೂ ಇರಬಹುದು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಸಣ್ಣ ತಂತ್ರಾಂಶದಲ್ಲಿ ಒಂದು ತೂತು ಸಿಕ್ಕಿತ್ತು. ಅದನ್ನು ಬಳಸುವ ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು, ಸರ್ವರ್ ಬೇರೆಯವರ ಕೈಗೆ ಹೋಗಬಹುದಿತ್ತು. ಆ ವಾರ ನಮ್ಮಂಥವರು ಮೊದಲು ಸರ್ವರ್ ನಿಲ್ಲಿಸಿ ಆಮೇಲೆ ನೋಟಿಸ್ ಹಾಕಿದೆವು.

ಇನ್ನು ವಿಪಿಎನ್. ಅಂಗಡಿಗೆ ಬೀಗ ಬಿದ್ದಿದ್ದರೆ ಯಾವ ದಾರಿಯಿಂದ ಹೋದರೇನು? ನಿಮ್ಮ ಮನೆಯಿಂದ ಸರ್ವರ್‌ವರೆಗಿನ ದಾರಿ ಕೆಟ್ಟಿದ್ದರೆ ವಿಪಿಎನ್ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ, ಬೀಗಕ್ಕೆ ಬರುವುದಿಲ್ಲ. ದಾರಿ ಕೆಟ್ಟಿದೆಯೋ ಬೀಗ ಬಿದ್ದಿದೆಯೋ ತಿಳಿಯಲು ಒಂದು ಸುಲಭ ಗುರುತು ಹೇಳುತ್ತೇನೆ. ಆಟ ತೆರೆದಾಗ "ಮೇಂಟೆನೆನ್ಸ್ ನಡೆದಿದೆ" ಅನ್ನುವ ಬರಹ ಬಂದರೆ ನಿಮ್ಮ ನೆಟ್ ಸರಿ ಇದೆ ಅಂತಲೇ ಅರ್ಥ, ಸಾಮಾನ್ಯವಾಗಿ ಆ ಬರಹ ಬಂದದ್ದೇ ನೆಟ್‌ನಿಂದ. ಸುಮ್ನೆ ಗಾಲಿ ತಿರುಗುತ್ತಾ ಕೂತರೆ ಆಗ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಗೆಳೆಯ ಕಳಿಸಿದ ಆ ಆ್ಯಪ್ ಪ್ಲೇ ಸ್ಟೋರಿನಿಂದ ಬಂದದ್ದಲ್ಲ ಅಂದರೆ ಹಾಕಬೇಡಿ. ಪುಕ್ಕಟೆ ವಿಪಿಎನ್ ನಡೆಸುವವನು ನಿಮ್ಮ ಫೋನಿನಿಂದ ಯಾವ ಯಾವ ಕಡೆ ಹೋಗುತ್ತೀರಿ ಅನ್ನುವುದನ್ನು ನೋಡಬಲ್ಲ. ಮೂರು ವರ್ಷ ಬೆಳೆಸಿದ ಖಾತೆ ಇದ್ದಕ್ಕಿದ್ದಂತೆ ಬೇರೆ ದೇಶದಿಂದ ಲಾಗಿನ್ ಆದರೆ ಆಟದ ಕಂಪನಿಯೇ ಅನುಮಾನ ಪಟ್ಟು ಅದನ್ನು ಹಿಡಿದಿಡಬಹುದು.

ಈಗ ನಿಮ್ಮ ಒಳ್ಳೇ ಪ್ರಶ್ನೆಗೆ. ವಾಟ್ಸಾಪ್ ನಿಲ್ಲಲ್ಲ, ಆಟ ಯಾಕೆ ನಿಲ್ಲಬೇಕು?

ವಾಟ್ಸಾಪ್ ನಿಂತಿಲ್ಲ ಅಂತಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಅದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ತಾಸು ಮಲಗಿದ್ದವು. ಯುಪಿಐ ವಿಷಯದಲ್ಲೂ, ನಡುರಾತ್ರಿ ಇಷ್ಟರಿಂದ ಇಷ್ಟರವರೆಗೆ ಸೇವೆ ಇರುವುದಿಲ್ಲ ಅಂತ ಬ್ಯಾಂಕಿನಿಂದ ಮೆಸೇಜ್ ಬರುತ್ತಿರುತ್ತದೆ. ನಾವು ಓದದೇ ಅಳಿಸುತ್ತೇವೆ. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಅವು ವಾರ ವಾರ ನಿಲ್ಲುವುದಿಲ್ಲ.

ಕಾರಣ ಇಲ್ಲಿದೆ. ವಾಟ್ಸಾಪ್ ಮೆಸೇಜ್ ಅಂದರೆ ಒಂದು ಚೀಟಿ. ಕೊಟ್ಟರೆ ಕೆಲಸ ಮುಗಿಯಿತು. ಹತ್ತು ಯಂತ್ರಗಳಲ್ಲಿ ಒಂದನ್ನು ನಿಲ್ಲಿಸಿ ರಿಪೇರಿ ಮಾಡಿದರೆ ಉಳಿದ ಒಂಬತ್ತು ಚೀಟಿ ಹಂಚುತ್ತವೆ. ಚೀಟಿ ಎರಡು ಸೆಕೆಂಡ್ ತಡವಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಆಟ ಹಾಗಲ್ಲ. ನಿಮ್ಮ ಗಿಲ್ಡ್‌ನ ನಲವತ್ತು ಜನ ಒಂದು ರಾಕ್ಷಸನ ಜೊತೆ ಹೊಡೆದಾಡುತ್ತಿದ್ದೀರಿ ಅನ್ನಿ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಜೀವ ಎಷ್ಟು ಉಳಿದಿದೆ, ಬಾಣ ಎಲ್ಲಿವರೆಗೆ ಹಾರಿದೆ, ಇದೆಲ್ಲ ಒಂದು ಯಂತ್ರದ ನೆನಪಿನಲ್ಲಿ ಆ ಕ್ಷಣಕ್ಕೆ ಬದುಕಿರುತ್ತದೆ. ಸರ್ವರ್ ಅದನ್ನು ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಲೆಕ್ಕ ಹಾಕುತ್ತದೆ. ವ್ಯಾಲರಂಟ್‌ನಂಥ ಗುಂಡು ಹಾರಿಸುವ ಆಟದಲ್ಲಿ ಸೆಕೆಂಡಿಗೆ 128 ಸಲ. ನಡುವೆ ಯಂತ್ರ ಬದಲಿಸುವುದು ಅಂದರೆ ಓಡುವ ಟ್ರ್ಯಾಕ್ಟರಿನಿಂದ ಓಡುವ ಟ್ರ್ಯಾಕ್ಟರಿಗೆ ಕಬ್ಬು ದಾಟಿಸಿದಂತೆ.

ಗುಂಡಿನ ಆಟಕ್ಕೆ ಒಂದು ಅನುಕೂಲ ಇದೆ. ಅಲ್ಲಿ ಒಂದು ಮ್ಯಾಚ್ ಅರ್ಧ ಮುಕ್ಕಾಲು ತಾಸಿಗೆ ಮುಗಿಯುತ್ತದೆ. ಆ ಯಂತ್ರಕ್ಕೆ ಹೊಸ ಮ್ಯಾಚ್ ಕೊಡದೇ ಇದ್ದರೆ ತಾನಾಗಿ ಖಾಲಿ ಆಗುತ್ತದೆ, ಆಗ ರಿಪೇರಿ. ನಿಮ್ಮ ಆಟದಂಥ ಲೋಕಕ್ಕೆ ಮುಗಿಯುವುದು ಅನ್ನುವುದೇ ಇಲ್ಲ. ಯಾವಾಗಲೂ ಯಾರೋ ಮೀನು ಹಿಡಿಯುತ್ತಿರುತ್ತಾರೆ, ಯಾರೋ ಸಂತೆಯಲ್ಲಿ ಕತ್ತಿ ಮಾರುತ್ತಿರುತ್ತಾರೆ.

ಆ ಸಂತೆಯೇ ನಮಗೆ ದೊಡ್ಡ ಭಯ. ನೀವು ಕತ್ತಿ ಕೊಟ್ಟಿರಿ, ಆತ ಬಂಗಾರದ ನಾಣ್ಯ ಕೊಟ್ಟ. ಕತ್ತಿ ಅವನ ಚೀಲಕ್ಕೆ ಹೋದದ್ದು ಬರೆದಾಯಿತು, ನಿಮ್ಮ ಚೀಲದಿಂದ ತೆಗೆದದ್ದು ಬರೆಯುವಷ್ಟರಲ್ಲಿ ಸರ್ವರ್ ನಿಂತಿತು ಅನ್ನಿ. ಈಗ ಒಂದೇ ಕತ್ತಿ ಎರಡು ಚೀಲದಲ್ಲಿ. ಇದನ್ನು ಡ್ಯೂಪ್ ಅನ್ನುತ್ತೇವೆ. ಇಂಥದ್ದು ಹೇಗೆ ಆಗುತ್ತದೆ ಅಂತ ಒಬ್ಬ ಪತ್ತೆ ಹಚ್ಚಿದರೆ ಮುಗಿಯಿತು, ಎರಡು ದಿನದಲ್ಲಿ ಆಟದ ಬಜಾರು ಕುಸಿಯುತ್ತದೆ. ಅದಕ್ಕೇ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಎಲ್ಲ ಚೀಲ ಬರೆದಿಟ್ಟು, ಒಂದು ಬ್ಯಾಕಪ್ ತೆಗೆದು, ಆಮೇಲೆ ಕೈ ಹಾಕುವುದು.

ನಿಲ್ಲಿಸದೇ ಮಾಡಲಿಕ್ಕೆ ಬರುವುದೇ ಇಲ್ಲವಾ? ಬರುತ್ತದೆ. 2012ರಲ್ಲಿ ಬಂದ ಗಿಲ್ಡ್ ವಾರ್ಸ್ 2 ಹೆಚ್ಚುಕಡಿಮೆ ನಿಲ್ಲದೇ ಅಪ್‌ಡೇಟ್ ಆಗುತ್ತದೆ. ಹೊಸ ಆವೃತ್ತಿ ಹಳೆಯದರ ಪಕ್ಕದಲ್ಲೇ ಚಾಲೂ ಆಗುತ್ತದೆ, ಹಳೆಯದರಲ್ಲಿ ಇರುವವರಿಗೆ ಇಂತಿಷ್ಟು ಹೊತ್ತಿನಲ್ಲಿ ಹೊರಗೆ ಹೋಗಿ ಬನ್ನಿ ಅಂತ ಸೂಚನೆ ಬರುತ್ತದೆ. ಆದರೆ ಆ ಆಟದ ಪಾಯವನ್ನೇ ಹಾಗೆ ಹಾಕಿದ್ದಾರೆ. ಕಟ್ಟಿದ ಮನೆಗೆ ಆಮೇಲೆ ನೆಲಮಾಳಿಗೆ ತೋಡುವುದು ಕಷ್ಟ. ಎಷ್ಟೋ ಕಂಪನಿಗಳು ಆ ಖರ್ಚು ಬೇಡ ಅಂತ ಕೈಬಿಡುತ್ತವೆ. ವಾರಕ್ಕೆ ನಾಲ್ಕು ತಾಸು ನಿಲ್ಲಿಸುವುದೇ ಅಗ್ಗ. ಇದನ್ನು ತಾಂತ್ರಿಕ ಅನಿವಾರ್ಯ ಅಂತ ಯಾರಾದರೂ ನಿಮಗೆ ಹೇಳಿದರೆ ಅರ್ಧ ಮಾತ್ರ ನಂಬಿ.

ಈಗ ಆ ಹನ್ನೊಂದು ತಾಸು. ನನ್ನ ಕಥೆ ಇಲ್ಲೇ ಬರುತ್ತದೆ.

ಕೆಲವು ವರ್ಷದ ಹಿಂದೆ, ಹೆಸರು ಬೇಡ, ಒಂದು ಕಂಪನಿಯಲ್ಲಿ ರಾತ್ರಿ 1ಕ್ಕೆ ಮೇಂಟೆನೆನ್ಸ್ ಶುರು ಮಾಡಿದೆವು. ಆಟದೊಳಗೆ ಆಟಗಾರರಿಗೆ ಕಾಣಿಕೆ ಕಳಿಸುವ ಅಂಚೆಪೆಟ್ಟಿಗೆ ಇರುತ್ತದಲ್ಲ, ಆ ದಾಖಲೆ ಇಡುವ ಕೋಷ್ಟಕಕ್ಕೆ ಒಂದು ಹೊಸ ಕಾಲಂ ಸೇರಿಸಬೇಕಿತ್ತು. ಅಷ್ಟೇ. ಆ ಕೋಷ್ಟಕದ ಒಂದು ನಕಲಿನ ಮೇಲೆ ಪರೀಕ್ಷೆ ಮಾಡಿದಾಗ 50 ನಿಮಿಷ ಹಿಡಿದಿತ್ತು. ಎರಡು ತಾಸು ಅಂತ ನೋಟಿಸ್ ಹಾಕಿದೆವು. ರಾತ್ರಿ 3ಕ್ಕೆ ಪರದೆಯ ಮೇಲೆ ಶೇಕಡಾ 41 ತೋರಿಸುತ್ತಿತ್ತು. ಹತ್ತು ನಿಮಿಷ ಬಿಟ್ಟು ನೋಡಿದರೂ 41. ಇನ್ನಷ್ಟು ಹೊತ್ತು ಬಿಟ್ಟು ನೋಡಿದರೆ 42. ಆಮೇಲೆ ತಿಳಿಯಿತು, ನಮ್ಮ ನಕಲು ಎಂಟು ತಿಂಗಳು ಹಳೆಯದು. ನಡುವೆ ದೀಪಾವಳಿ ಈವೆಂಟಿಗೆ ಅಂತ ಪ್ರತಿಯೊಂದು ಖಾತೆಗೂ ಕಾಣಿಕೆಯ ಪತ್ರ ಹೋಗಿತ್ತು. ಆಟ ಬಿಟ್ಟು ಹೋದವರ ಖಾತೆಗೂ. ಅದನ್ನು ಯಾರೂ ತೆರೆದಿಲ್ಲ. ಕೋಷ್ಟಕ ಮೂರು ಪಟ್ಟು ಉಬ್ಬಿ ಕೂತಿತ್ತು.

ರದ್ದು ಮಾಡಿ ಹಿಂದೆ ಹೋಗಬಹುದಿತ್ತಾ? ಹಿಂದೆ ಹೋಗಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಿತ್ತು. ಹೊಳೆಯ ನಡುವೆ ನಿಂತವನಿಗೆ ಎರಡೂ ದಡ ಒಂದೇ ದೂರ. ಪಕ್ಕದ ಟೇಬಲ್ಲಿನ ಹುಡುಗಿ ಡಬ್ಬಿಯಿಂದ ಹಚ್ಚಿದ ಅವಲಕ್ಕಿ ತಿನ್ನುತ್ತಾ ಕೇಳಿದಳು: "ಸರ್, ಒಂದು ತಾಸು ಅಂತ ಹಾಕಲಾ?" ಬೆಳಗ್ಗೆ 8ರ ತನಕ ಆಗಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಒಂದೇ ಸಲಕ್ಕೆ ಒಂದು ತಾಸಿಗಿಂತ ಜಾಸ್ತಿ ಹೇಳಬೇಡಿ ಅಂತ ಮೇಲಿನವರ ಕಟ್ಟಪ್ಪಣೆ ಇತ್ತು. ಜನ ಗಾಬರಿ ಆಗುತ್ತಾರಂತೆ. ಹಾಕು ಅಂದೆ. ಬೆಳಗಾಗುವಷ್ಟರಲ್ಲಿ ಐದು ಸಲ ಹಾಕಿದೆವು. ಎಂಟೂವರೆಗೆ ಸರ್ವರ್ ತೆರೆಯಿತು.

ಆ ಐದೂ ನೋಟಿಸ್ ಸುಳ್ಳು ಅಂತ ನಾನು ಇವತ್ತು ಒಪ್ಪುತ್ತೇನೆ. ಐದು ತಾಸು ಆಗುತ್ತದೆ, ಮಲಗಿ ಅಂತ ಮೂರು ಗಂಟೆಗೇ ಹೇಳಿದ್ದರೆ ಒಂದಷ್ಟು ಬೈಗುಳ ಬರುತ್ತಿತ್ತು, ಎಷ್ಟೋ ಜನರಿಗೆ ನಿದ್ದೆ ಸಿಗುತ್ತಿತ್ತು. ನಿಮ್ಮ ಹನ್ನೊಂದು ತಾಸಿನ ಹಿಂದೆಯೂ ಇಂಥದ್ದೇ ಏನೋ ಇರಬೇಕು. ಕೆಲವೊಮ್ಮೆ ನಿಜವಾಗಲೂ ಗೊತ್ತಿರುವುದಿಲ್ಲ, ಅದೂ ಉಂಟು. 2021ರ ಅಕ್ಟೋಬರ್ 28ಕ್ಕೆ ರೋಬ್ಲಾಕ್ಸ್ ಅನ್ನುವ ಆಟದ ತಾಣ ಬಿದ್ದು 73 ತಾಸು ಏಳಲಿಲ್ಲ. ದಾಳಿ ಅಲ್ಲ, ಏನೂ ಅಲ್ಲ. ಅವರ ಯಂತ್ರಗಳು ಒಂದನ್ನೊಂದು ಹುಡುಕಿಕೊಳ್ಳಲು ಬಳಸುವ ತಂತ್ರಾಂಶದಲ್ಲಿ ಹೊಸದಾಗಿ ಆನ್ ಮಾಡಿದ ಒಂದು ಸೌಲಭ್ಯ, ಲೋಡ್ ಜಾಸ್ತಿಯಾದಾಗ ಕೈಕೊಟ್ಟಿತ್ತು. ಮೊದಲು ಹಾರ್ಡ್‌ವೇರ್ ಮೇಲೆ ಅನುಮಾನ ಪಟ್ಟು ಅದನ್ನು ಬದಲಿಸಿದರು, ಉಪಯೋಗ ಆಗಲಿಲ್ಲ. ಎಲ್ಲ ಮುಗಿದ ಮೇಲೆ, 2022ರ ಜನವರಿಯಲ್ಲಿ, ಎಲ್ಲಿ ಏನು ತಪ್ಪಾಯಿತು ಅಂತ ಉದ್ದಕ್ಕೆ ಬರೆದು ಪ್ರಕಟಿಸಿದರು. ನಮ್ಮ ಕಸುಬಿನವರು ಈಗಲೂ ಅದನ್ನು ಹೊಸಬರಿಗೆ ಓದಲು ಕೊಡುತ್ತಾರೆ.

ಹೀಗೆ ಎಳೆದ ದಿನ ಬಾಗಿಲು ತೆರೆದ ಮೇಲೂ ಅರ್ಧ ತಾಸು ದೂರ ಇರಿ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಬಾಗಿಲು ತೆಗೆದಂತೆ ಇರುತ್ತದೆ ಅಲ್ಲಿ. ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಡೇಟಾಬೇಸ್ ಇನ್ನೂ ವೇಗ ಹಿಡಿದಿರುವುದಿಲ್ಲ, ಲಾಗಿನ್ ಮತ್ತೆ ಬೀಳುತ್ತದೆ. ಮತ್ತೆ ಮತ್ತೆ ಒತ್ತಿದರೆ ಎಷ್ಟೋ ಆಟಗಳಲ್ಲಿ ಸಾಲಿನ ಕೊನೆಗೆ ಹೋಗುತ್ತೀರಿ. ಇನ್ನೊಂದು ಅಪಾಯ ಆಟಗಾರರಿಗೆ ಅಷ್ಟಾಗಿ ಗೊತ್ತಿಲ್ಲ. ತೆರೆದ ಮೇಲೆ ದೊಡ್ಡ ತಪ್ಪು ಕಂಡರೆ ಸರ್ವರನ್ನು ಬ್ಯಾಕಪ್ ಸ್ಥಿತಿಗೆ ತಿರುಗಿಸುತ್ತಾರೆ, ಅದನ್ನು ರೋಲ್‌ಬ್ಯಾಕ್ ಅನ್ನುತ್ತೇವೆ. ಆ ನಡುವೆ ನೀವು ಗಳಿಸಿದ್ದು ಹೋಗುತ್ತದೆ. ಹಾಗಾಗಿ ಮೊದಲ ಒಂದು ತಾಸು ದುಬಾರಿ ಕೆಲಸ ಬೇಡ. ಕತ್ತಿ ಅಪ್‌ಗ್ರೇಡ್, ದೊಡ್ಡ ವ್ಯಾಪಾರ, ದುಡ್ಡು ಕೊಟ್ಟು ಏನಾದರೂ ಕೊಳ್ಳುವುದು, ಎಲ್ಲ ಆಮೇಲೆ. ಬಂದ್ ಆಗುವ ಮುಂಚಿನ ಕಾಲು ತಾಸಿಗೂ ಇದೇ ಮಾತು.

ದುಡ್ಡಿಗೆ ಬರೋಣ. 799ನ್ನು 30 ದಿನಕ್ಕೆ ಹಂಚಿದರೆ ಹನ್ನೊಂದು ತಾಸಿನ ಬೆಲೆ ಸುಮಾರು 12 ರೂಪಾಯಿ. ಮೇಂಟೆನೆನ್ಸ್‌ಗಾಗಿ ಸೇವೆ ನಿಲ್ಲಿಸಬಹುದು ಅಂತ ಒಪ್ಪಂದದಲ್ಲೇ ಬರೆದಿರುತ್ತಾರೆ, ನಾವೆಲ್ಲ ಓದದೇ ಒಪ್ಪಿಗೆ ಒತ್ತಿರುತ್ತೇವೆ. ಹಾಗಾಗಿ ಪೂರ್ತಿ 799 ವಾಪಸ್ ಬರುವುದು ಕಷ್ಟ. ನೀವು ಕೇಳಬೇಕಾದದ್ದು ಅದಲ್ಲ, ಕೈತಪ್ಪಿದ ಬಹುಮಾನ. ಆಟದ ಸಪೋರ್ಟ್‌ಗೆ ಬರೆಯಿರಿ. ಖಾತೆಯ ಐಡಿ, ಈವೆಂಟಿನ ಹೆಸರು, ನೀವು ಎಲ್ಲಿವರೆಗೆ ಮುಗಿಸಿದ್ದಿರಿ, ಎಷ್ಟು ಹೊತ್ತಿನ ಆಟ ತಪ್ಪಿತು, ಬಹುಮಾನ ಕೊಡಿ ಇಲ್ಲವೇ ಪಾಸ್ ಒಂದು ದಿನ ಮುಂದೂಡಿ. ನಾಲ್ಕು ಸಾಲು ಸಾಕು. ಬೈಗುಳ ಇರುವ ಪತ್ರವನ್ನೂ ಓದುತ್ತೇವೆ, ಆದರೆ ನಲವತ್ತು ಪತ್ರದ ನಡುವೆ ಐಡಿ ಬರೆದ ಪತ್ರಕ್ಕೇ ಮೊದಲು ಕೈ ಹೋಗುತ್ತದೆ. ಮನುಷ್ಯರು ನೋಡಿ.

ಕೊಡುವ ಪದ್ಧತಿ ಇದೆ. ಗೆನ್‌ಶಿನ್ ಇಂಪ್ಯಾಕ್ಟ್ ಅನ್ನುವ ಆಟ ದೊಡ್ಡ ಅಪ್‌ಡೇಟ್‌ಗೆ ಐದು ತಾಸು ನಿಲ್ಲಿಸಿದರೆ ತಾಸಿಗೆ 60ರಂತೆ 300 ಪ್ರಿಮೊಜೆಮ್ (ಆಟದೊಳಗಿನ ನಾಣ್ಯ) ಕೊಡುತ್ತದೆ. 2021ರ ಡಿಸೆಂಬರ್‌ನಲ್ಲಿ ಫೈನಲ್ ಫ್ಯಾಂಟಸಿ 14ರ ಸರ್ವರ್‌ಗಳು ಜನರ ನೂಕಿಗೆ ಸೋತಾಗ ಚಂದಾದಾರರಿಗೆ ಮೊದಲು 7 ದಿನ, ಆಮೇಲೆ ಇನ್ನೂ 14 ದಿನ ಪುಕ್ಕಟೆ ಕೊಟ್ಟರು. ಹೊಸಬರಿಗೆ ಆಟ ಮಾರುವುದನ್ನೇ ಕೆಲ ಕಾಲ ನಿಲ್ಲಿಸಿದರು. ಬರುವ ದುಡ್ಡಿಗೆ ತಾವೇ ಬಾಗಿಲು ಹಾಕಿದ ಕಂಪನಿ ನಾನು ಬೇರೆ ಕಂಡಿಲ್ಲ.

ಪ್ಲೇ ಸ್ಟೋರಿನಲ್ಲಿ ಕೊಂಡ 48 ತಾಸಿನೊಳಗಾದರೆ ಗೂಗಲ್‌ಗೇ ರಿಫಂಡ್ ಕೇಳಬಹುದು, ಆಮೇಲೆ ಆಟದವರನ್ನೇ ಕೇಳಬೇಕು. ಬ್ಯಾಂಕಿಗೆ ಹೋಗಿ ಈ ಪಾವತಿ ನನ್ನದಲ್ಲ ಅಂತ ಹೇಳಿ ದುಡ್ಡು ಹಿಂದೆ ತರುವ ದಾರಿ ಕೆಲವರು ಹೇಳಿಕೊಡುತ್ತಾರೆ. ಬೇಡ. ಅದು ಸುಳ್ಳು ಅನ್ನುವುದು ಒಂದು, ಖಾತೆ ಕಾಯಂ ಬಂದ್ ಆಗಬಹುದು ಅನ್ನುವುದು ಇನ್ನೊಂದು. ದುಡ್ಡು ಕಟ್ ಆಗಿ ವಸ್ತು ಬರಲೇ ಇಲ್ಲ, ಕಂಪನಿಯೂ ಉತ್ತರ ಕೊಡಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇಂಥ ದಿನ "ಪರಿಹಾರ ಪಡೆಯಲು ಇಲ್ಲಿ ಲಾಗಿನ್ ಆಗಿ" ಅನ್ನುವ ಲಿಂಕ್‌ಗಳು ಟೆಲಿಗ್ರಾಂನಲ್ಲಿ ಹರಿದಾಡುತ್ತವೆ. ಪರಿಹಾರ ಬರುವುದು ಆಟದೊಳಗೇ, ಲಿಂಕಿನಲ್ಲಿ ಅಲ್ಲ. ಮೋಸ ಹೋಗಿ ದುಡ್ಡು ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ಮುಂದಿನ ಬುಧವಾರಗಳು. ಏಷ್ಯಾ ಸರ್ವರ್‌ಗೆ ಬದಲಾಯಿಸಿದರೆ ಮೇಂಟೆನೆನ್ಸ್ ಬಹಳ ಸಲ ನಮ್ಮ ಬೆಳಗಿನ ಜಾವಕ್ಕೆ ಹೋಗುತ್ತದೆ, ಆಟವೂ ಚುರುಕಾಗುತ್ತದೆ. ಬೆಳಕು ಫೈಬರಿನಲ್ಲಿ ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡ್ ತಗೊಳ್ಳುತ್ತದೆ. ಫ್ರಾಂಕ್‌ಫರ್ಟ್ ನೇರ ಗೆರೆಯಲ್ಲೇ ಸುಮಾರು 7,000 ಕಿಲೋಮೀಟರ್, ಹೋಗಿ ಬರಲು 70. ಕೇಬಲ್ ಸಮುದ್ರ ಸುತ್ತಿ ಹೋಗುವುದರಿಂದ ನಿಜವಾಗಿ ನಿಮಗೆ ಅದರ ದುಪ್ಪಟ್ಟೇ ಕಾಣುತ್ತಿರಬೇಕು. ಆದರೆ ಬಹಳಷ್ಟು ಆಟಗಳಲ್ಲಿ ಪಾತ್ರ ಒಂದು ಖಂಡದಿಂದ ಇನ್ನೊಂದಕ್ಕೆ ಬರುವುದಿಲ್ಲ. ಮೂರು ವರ್ಷದ ಗಳಿಕೆ ಅಲ್ಲೇ, ಗೆಳೆಯರೂ ಅಲ್ಲೇ. ಗಿಲ್ಡ್ ಇಲ್ಲದೇ ಒಂದನೇ ಮಟ್ಟದಿಂದ ಶುರು ಮಾಡುವ ಹುಮ್ಮಸ್ಸು ಇದ್ದರೆ ಮಾತ್ರ ಹೋಗಿ. ನನ್ನನ್ನು ಕೇಳಿದರೆ ಬೇಡ ಅಂತೀನಿ.

ನಾನಾಗಿದ್ದರೆ ರಾತ್ರಿ ಪಾಳಿಯಿಂದ ಬಂದು ರೊಟ್ಟಿ ತಿಂದು ಮಲಗುತ್ತಿದ್ದೆ. ಮಲಗುವ ಮುಂಚೆ ಅಪ್‌ಡೇಟ್ ಫೈಲ್ ಮುಂಚಿತವಾಗಿ ಇಳಿಸಿಕೊಳ್ಳುವ ಸೌಲಭ್ಯ ಇದ್ದರೆ ಒತ್ತಿ ಬಿಡುತ್ತಿದ್ದೆ. ಅಲಾರ್ಮ್ 3ಕ್ಕೆ. ಎದ್ದು ನೋಡಿದಾಗ ಇನ್ನೂ "ಒಂದು ತಾಸು" ಅಂತಿದ್ದರೆ ಅದನ್ನು ಮೂರು ತಾಸು ಅಂತ ಓದಿಕೊಂಡು ಹೊರಗೆ ಹೋಗುತ್ತಿದ್ದೆ. ಇದರಲ್ಲೂ ನಷ್ಟ ಇದೆ, ಬೆಳಗಿನ ಆ ಹೊತ್ತಿನ ಸುಖ ಹೋಗುತ್ತದೆ. ಗಿಲ್ಡ್‌ನವರಿಗೆ ಹೇಳಿ ವಾರದ ದೊಡ್ಡ ಹೊಡೆದಾಟವನ್ನು ಬುಧವಾರ ರಾತ್ರಿಗೆ ಇಡಿಸಿಕೊಳ್ಳಿ. ಯುರೋಪಿನಲ್ಲಿ ಆಗ ಸಂಜೆ, ಅವರೂ ಬಂದಿರುತ್ತಾರೆ.

ಅಂದ ಹಾಗೆ, ಇದನ್ನು ಓದಿದ ಮೇಲೆ ಆಟ ತೆರೆದು ಅಂಚೆಪೆಟ್ಟಿಗೆ ಒಂದು ಸಲ ನೋಡಿ. ಹೋದ ವಾರದ ಪರಿಹಾರ ಅಲ್ಲಿ ಬಂದು ಬಿದ್ದಿರಬಹುದು. ಅದಕ್ಕೆ ಕೊನೆಯ ದಿನ ಅಂತ ಇರುತ್ತದೆ, ದಾಟಿದರೆ ತಾನಾಗಿ ಅಳಿದುಹೋಗುತ್ತದೆ. ತೆಗೆದುಕೊಂಡು ಪತ್ರ ಅಳಿಸಿಬಿಡಿ. ಅಂಥ ತೆರೆಯದ ಪತ್ರಗಳೇ ಆ ರಾತ್ರಿ ನಮ್ಮನ್ನು 41ರಲ್ಲಿ ಕೂರಿಸಿದ್ದು.